ಕಾಣದಾದ ಸಿ.ಡಿ. ಡ್ರೈವ್: ಗಣಕಯಂತ್ರದ ದಾಖಲೆಯಲ್ಲಿನ ದೋಷ ಮತ್ತು ಅದರ ಪರಿಹಾರ

ಪೀಠಿಕೆ

ಗಣಕಯಂತ್ರವು ನಾಡಿನ ಗ್ರಾಮೀಣ ಶಾಲೆಗಳನ್ನು ಪ್ರವೇಶಿಸಿ ಎರಡು ದಶಕಗಳಿಗೂ ಮಿಕ್ಕ ಕಾಲ ಸಂದಿದೆ. 2001ರ ಸುಮಾರಿಗೆ ರಾಜ್ಯ ಸರ್ಕಾರದ ‘ಮಾಹಿತಿ ಸಿಂಧು’ ಯೋಜನೆಯು ಸರ್ಕಾರಿ ಪ್ರೌಢಶಾಲೆಗಳಿಗೆ ಈ ಯಂತ್ರವನ್ನು ಒಯ್ದಿತು. ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳೂ ತಮ್ಮ ಶಕ್ತಿಗೆ ತಕ್ಕಂತೆ ಗಣಕ ಕೊಠಡಿಗಳನ್ನು ತೆರೆದವು. ಆ ದಿನಗಳಲ್ಲಿ ಹಳ್ಳಿಗಳಿಗೆ ಅಂತರಜಾಲವು ಸುಲಭವಾಗಿ ಎಟುಕುತ್ತಿರಲಿಲ್ಲ. ಪಾಠಗಳು, ತಂತ್ರಾಂಶಗಳು, ವಚನಗಾಯನ, ಪ್ರವಚನ, ಜಾತ್ರೆಯ ಛಾಯಾಚಿತ್ರಗಳು, ವಾರ್ಷಿಕೋತ್ಸವದ ದೃಶ್ಯಗಳು, ಇವೆಲ್ಲವೂ ಸಿ.ಡಿ. ಮತ್ತು ಡಿ.ವಿ.ಡಿ.ಗಳ ರೂಪದಲ್ಲಿಯೇ ಬರುತ್ತಿದ್ದವು, ಹಾಗೆಯೇ ಸಂಗ್ರಹವಾಗುತ್ತಿದ್ದವು. ಅನೇಕ ಶಾಲೆ-ಮಠಗಳ ಕಪಾಟುಗಳಲ್ಲಿ ಆ ತಟ್ಟೆಗಳು ಇಂದಿಗೂ ಇವೆ.

ಒಂದು ದಿನ ಅಂತಹ ತಟ್ಟೆಯೊಂದನ್ನು ಹಳೆಯ ಗಣಕಯಂತ್ರಕ್ಕೆ ಹಾಕಲಾಗುತ್ತದೆ. ಡ್ರೈವಿನ ತಟ್ಟೆಗೂಡು ತೆರೆಯುತ್ತದೆ, ಮುಚ್ಚುತ್ತದೆ, ದೀಪವೂ ಮಿನುಗುತ್ತದೆ. ಆದರೆ ಪರದೆಯ ಮೇಲೆ ಆ ಡ್ರೈವಿನ ಚಿಹ್ನೆಯೇ ಇರುವುದಿಲ್ಲ. ‘ಡ್ರೈವ್ ಕೆಟ್ಟಿತು’ ಎಂಬ ತೀರ್ಮಾನ ಒಡನೆ ಹೊರಬೀಳುತ್ತದೆ. ಯಂತ್ರ ಮೂಲೆ ಸೇರುತ್ತದೆ. ಹೊಸ ಗಣಕಯಂತ್ರಗಳಲ್ಲಿ ಬಹುಪಾಲಿಗೆ ಸಿ.ಡಿ. ಡ್ರೈವ್ ಇಲ್ಲವಾದ್ದರಿಂದ ಕಪಾಟಿನಲ್ಲಿರುವ ತಟ್ಟೆಗಳೂ ಮೂಕವಾಗುತ್ತವೆ. ಹೀಗೆ ಮೂಲೆ ಸೇರಿದ ಡ್ರೈವುಗಳಲ್ಲಿ ಹಲವು ನಿಜವಾಗಿ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅವುಗಳ ದಾಖಲೆ. ವಸ್ತುವಿನ ದೋಷ ಯಾವುದು, ವಸ್ತುವನ್ನು ಕುರಿತ ದಾಖಲೆಯ ದೋಷ ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯುವುದೇ ಈ ಪಾಠದ ಉದ್ದೇಶ.

ತಟ್ಟೆ ಮತ್ತು ಅದನ್ನು ಓದುವ ಸಾಧನ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರೊಳಗೆ ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುವ ಒಂದೇ ಒಂದು ಗೆರೆಯುಂಟು. ಆ ಗೆರೆಯನ್ನು ಬಿಚ್ಚಿ ನೇರವಾಗಿ ಹಾಸಿದರೆ 5 ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಗೆರೆಯಲ್ಲಿನ ಗುರುತುಗಳ ಮೇಲೆ ಲೇಸರ್ ಕಿರಣವು ಬಿದ್ದು ಪ್ರತಿಫಲಿಸುವಾಗ ಆಗುವ ವ್ಯತ್ಯಾಸವನ್ನು ಡ್ರೈವು 0 ಮತ್ತು 1 ಎಂಬ ಅಂಕೆಗಳಾಗಿ ಓದುತ್ತದೆ. ಸಿ.ಡಿ.ಗೆ ಬಳಸುವ ಕಿರಣದ ತರಂಗದೂರ 780 ನ್ಯಾನೋಮೀಟರ್, ಡಿ.ವಿ.ಡಿ.ಗೆ 650. ಕಿರಣವು ಸೂಕ್ಷ್ಮವಾದಷ್ಟೂ ಗುರುತುಗಳನ್ನು ಒತ್ತಾಗಿ ಇಡಬಹುದು. ಆದ್ದರಿಂದಲೇ ಸಿ.ಡಿ.ಯಲ್ಲಿ ಸುಮಾರು 700 ಮೆಗಾಬೈಟ್ ಹಿಡಿದರೆ ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಹಿಡಿಯುತ್ತದೆ.

ಡ್ರೈವು ಓದಿದ ಮಾತ್ರಕ್ಕೆ ಬಳಕೆದಾರನಿಗೆ ಅದು ತಲುಪುವುದಿಲ್ಲ. ಡ್ರೈವಿಗೂ ಪರದೆಗೂ ನಡುವೆ ‘ಡ್ರೈವರ್’ ಎಂಬ ಚಾಲಕ ತಂತ್ರಾಂಶವಿರಬೇಕು. ಯಾವ ಸಾಧನಕ್ಕೆ ಯಾವ ಚಾಲಕ, ಅದನ್ನು ಯಾವಾಗ ಎಬ್ಬಿಸಬೇಕು, ಅದರೊಂದಿಗೆ ಇನ್ನಾರು ನಿಲ್ಲಬೇಕು ಎಂಬ ವಿವರಗಳೆಲ್ಲ ಬರೆದಿರುವ ಪುಸ್ತಕವೇ ರಿಜಿಸ್ಟ್ರಿ.

ರಿಜಿಸ್ಟ್ರಿ ಎಂಬ ಉತಾರ

ವಿಂಡೋಸ್ ವ್ಯವಸ್ಥೆಯಲ್ಲಿ ರಿಜಿಸ್ಟ್ರಿಯು ಸಣ್ಣ ರೂಪದಲ್ಲಿ 1992ರ ವಿಂಡೋಸ್ 3.1ರಲ್ಲಿ ಕಾಣಿಸಿಕೊಂಡಿತು. 1995ರ ವಿಂಡೋಸ್ 95ರಿಂದ ಅದು ಮನೆ-ಶಾಲೆಗಳ ಗಣಕಯಂತ್ರದ ಮುಖ್ಯ ದಾಖಲೆಕೋಶವಾಯಿತು. ಅದರ ಸ್ವರೂಪವನ್ನು ರೈತಾಪಿ ಜನರಿಗೆ ಪರಿಚಿತವಾದ ಉತಾರದ ಉದಾಹರಣೆಯಿಂದ ತಿಳಿಯಬಹುದು.

ಹೊಲ ಬೇರೆ, ಹೊಲದ ಉತಾರ ಬೇರೆ. ಉತಾರದಲ್ಲಿ ಹೆಸರು ತಪ್ಪಿ ಬಿದ್ದರೆ ಹೊಲದ ಮಣ್ಣು ಎಲ್ಲಿಗೂ ಹೋಗುವುದಿಲ್ಲ. ಜೋಳ ಬಿತ್ತಿದರೆ ಬೆಳೆಯುತ್ತದೆ. ಆದರೆ ಬ್ಯಾಂಕಿನ ಮುಂದೆ ಆ ರೈತನಿಗೆ ಹೊಲವೇ ಇಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ ದಾಖಲೆಯ ಒಂದು ಅಕ್ಷರಕ್ಕೆ ಎಷ್ಟು ಬೆಲೆಯಿದೆ ಎಂಬುದು ಹಳ್ಳಿ ಹಳ್ಳಿಗೂ ಮನವರಿಕೆಯಾಯಿತು. ರಿಜಿಸ್ಟ್ರಿಯ ವಿಷಯವೂ ಹಾಗೆಯೇ. ಡ್ರೈವು ಗಟ್ಟಿಮುಟ್ಟಾಗಿದ್ದರೂ ರಿಜಿಸ್ಟ್ರಿಯ ನಮೂದು ತಪ್ಪಿದ್ದರೆ ವಿಂಡೋಸ್ ವ್ಯವಸ್ಥೆಯ ಪಾಲಿಗೆ ಆ ಡ್ರೈವು ಇಲ್ಲವೇ ಇಲ್ಲ.

ಉತಾರದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಕ್ರಮವಿರುವಂತೆ ರಿಜಿಸ್ಟ್ರಿಯಲ್ಲಿಯೂ ಒಂದರೊಳಗೊಂದು ಅಡಕವಾದ ವಿಭಾಗಗಳಿವೆ. ಅವುಗಳಿಗೆ ‘ಕೀ’ ಎಂದು ಹೆಸರು. ಕೀಗಳೊಳಗೆ ಇರುವ ನಮೂದುಗಳಿಗೆ ‘ವ್ಯಾಲ್ಯೂ’ ಎನ್ನುತ್ತಾರೆ.

ನೀರಗಂಟಿಗಳ ಪಟ್ಟಿ

ಡ್ರೈವು ಕಾಣೆಯಾಗುವ ಅತ್ಯಂತ ಪರಿಚಿತ ಕಾರಣವೆಂದರೆ ‘ಫಿಲ್ಟರ್’ ಎಂಬ ಉಪಚಾಲಕಗಳು. ಸಿ.ಡಿ. ಬರೆಯುವ ತಂತ್ರಾಂಶ, ಇಲ್ಲದ ಡ್ರೈವನ್ನು ಇದ್ದಂತೆ ತೋರಿಸುವ ತಂತ್ರಾಂಶ, ನಕಲು ತಡೆಯುವ ತಂತ್ರಾಂಶ ಮೊದಲಾದವು ಮುಖ್ಯ ಚಾಲಕದ ಮೇಲೆ ಅಥವಾ ಕೆಳಗೆ ತಮ್ಮದೊಂದು ಉಪಚಾಲಕವನ್ನು ನಿಲ್ಲಿಸುತ್ತವೆ. ಮೇಲೆ ನಿಲ್ಲುವವುಗಳ ಹೆಸರನ್ನು ‘ಅಪ್ಪರ್‌ಫಿಲ್ಟರ್ಸ್’ ಎಂಬ ನಮೂದಿನಲ್ಲಿ, ಕೆಳಗೆ ನಿಲ್ಲುವವುಗಳ ಹೆಸರನ್ನು ‘ಲೋಅರ್‌ಫಿಲ್ಟರ್ಸ್’ ಎಂಬ ನಮೂದಿನಲ್ಲಿ ಬರೆಯುತ್ತವೆ. ಇಲ್ಲಿ ಸಾಧನದ ಕಡೆಯನ್ನು ಕೆಳಗೆಂದೂ ಬಳಕೆದಾರನ ಕಡೆಯನ್ನು ಮೇಲೆಂದೂ ಎಣಿಸುವುದು ರೂಢಿ.

ಮಮದಾಪುರದವರಿಗೆ ಕೆರೆಯ ಉದಾಹರಣೆ ಹತ್ತಿರವಾದುದು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಾಹನ ಕಾಲದ ಕೆರೆ ಆ ಊರಿನ ಹೆಗ್ಗುರುತು. ಯಾವುದೇ ಒಂದು ಕೆರೆಯ ತೂಬಿಗೆ ಮೂವರು ನೀರಗಂಟಿಗಳು ನೇಮಕವಾಗಿದ್ದಾರೆ ಎಂದು ಭಾವಿಸೋಣ. ಮೂವರೂ ಬಂದು ನಿಂತ ಹೊರತು ತೂಬು ತೆಗೆಯಬಾರದೆಂದು ಕಟ್ಟುಪಾಡು. ಅವರಲ್ಲೊಬ್ಬ ಊರು ಬಿಟ್ಟು ಹೋದ. ಆದರೆ ಪಟ್ಟಿಯಿಂದ ಅವನ ಹೆಸರನ್ನು ಯಾರೂ ತೆಗೆಯಲಿಲ್ಲ. ಮರುದಿನ ಕೆರೆಯಲ್ಲಿ ನೀರಿದೆ, ತೂಬು ಸರಿಯಿದೆ, ಕಾಲುವೆಯೂ ಸ್ವಚ್ಛವಾಗಿದೆ. ಆದರೂ ಹೊಲಕ್ಕೆ ಹನಿ ನೀರು ಹರಿಯದು. ಬಾರದವನಿಗಾಗಿ ಎಲ್ಲರೂ ಕಾದು ನಿಲ್ಲುತ್ತಾರೆ.

ತಂತ್ರಾಂಶವನ್ನು ಅರ್ಧಂಬರ್ಧ ತೆಗೆದುಹಾಕಿದಾಗ ಆಗುವುದು ಇದೇ. ಉಪಚಾಲಕದ ಕಡತ ಅಳಿದುಹೋಗುತ್ತದೆ, ಅದರ ಹೆಸರು ಮಾತ್ರ ರಿಜಿಸ್ಟ್ರಿಯ ಪಟ್ಟಿಯಲ್ಲಿ ಉಳಿಯುತ್ತದೆ. ವಿಂಡೋಸ್ ಆ ಹೆಸರನ್ನು ಓದಿ, ಕಡತವನ್ನು ಹುಡುಕಿ, ಸಿಗದೆ, ಇಡೀ ಸಾಧನವನ್ನೇ ನಿಲ್ಲಿಸಿಬಿಡುತ್ತದೆ.

2005ರ ಒಂದು ಪ್ರಸಿದ್ಧ ಪ್ರಸಂಗ

ಇದು ಅರಿಯದವರಿಗೆ ಮಾತ್ರ ಒದಗುವ ತೊಡಕಲ್ಲ. 2005ರಲ್ಲಿ ಸೋನಿ ಬಿ.ಎಂ.ಜಿ. ಎಂಬ ಸಂಗೀತ ಸಂಸ್ಥೆಯು ನಕಲನ್ನು ತಡೆಯುವ ಸಲುವಾಗಿ ತನ್ನ ಕೆಲವು ಸಂಗೀತದ ಸಿ.ಡಿ.ಗಳಲ್ಲಿ ‘ಎಕ್ಸ್.ಸಿ.ಪಿ.’ ಎಂಬ ತಂತ್ರಾಂಶವನ್ನು ಸೇರಿಸಿತ್ತು. ಅದು ಕೇಳುಗನ ಗಣಕಯಂತ್ರದಲ್ಲಿ ಸೇರಿಕೊಂಡು ತನ್ನನ್ನು ತಾನು ಮರೆಮಾಡಿಕೊಳ್ಳುತ್ತಿತ್ತು. ವಿಂಡೋಸ್ ವ್ಯವಸ್ಥೆಯ ಒಳಹೊರಗನ್ನು ಬಲ್ಲ ಅಮೆರಿಕದ ತಜ್ಞ ಮಾರ್ಕ್ ರಸಿನೋವಿಚ್ ಅದನ್ನು ತಮ್ಮ ಯಂತ್ರದಲ್ಲಿಯೇ ಕಂಡುಹಿಡಿದು, ಅದರ ಕಡತಗಳನ್ನು ಅಳಿಸಿಹಾಕಿದರು. ಒಡನೆ ಅವರ ಸಿ.ಡಿ. ಡ್ರೈವೇ ಕಾಣೆಯಾಯಿತು. ಆ ತಂತ್ರಾಂಶವು ಡ್ರೈವಿನ ದಾರಿಯಲ್ಲಿ ಫಿಲ್ಟರುಗಳನ್ನು ನಿಲ್ಲಿಸಿತ್ತೆಂಬುದು ಆಗ ಅವರಿಗೆ ತಿಳಿಯಿತು. ರಿಜಿಸ್ಟ್ರಿಯಿಂದ ಆ ಹೆಸರುಗಳನ್ನು ತೆಗೆದ ಮೇಲೆಯೇ ಡ್ರೈವು ಮರಳಿ ಬಂದಿತು. 2005ರ ಅಕ್ಟೋಬರ್ 31ರಂದು ಅವರು ಇದನ್ನು ಪ್ರಕಟಿಸಿದರು. ಜನರ ಆಕ್ರೋಶಕ್ಕೆ ಮಣಿದು ಸಂಸ್ಥೆಯು ನವೆಂಬರಿನಲ್ಲಿ ಆ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಿತು. ಕಡತವನ್ನು ಅಳಿಸಿದರೆ ಸಾಲದು, ಪಟ್ಟಿಯಿಂದ ಹೆಸರನ್ನೂ ತೆಗೆಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪರೀಕ್ಷೆಯ ಕ್ರಮ

ರೋಗವನ್ನು ಗುರುತಿಸದೆ ಮದ್ದು ಕೊಡಬಾರದು. ರಿಜಿಸ್ಟ್ರಿಯನ್ನು ಮುಟ್ಟುವ ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಕ್ರಮವಾಗಿ ಮಾಡಬೇಕು.

1. ಚಿಹ್ನೆಯು ಕಾಣುತ್ತಿದ್ದು ಒಂದು ತಟ್ಟೆ ಮಾತ್ರ ಓದದಿದ್ದರೆ ದೋಷವು ಆ ತಟ್ಟೆಯದೇ ಆಗಿರಬಹುದು. ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಬಾರದು. ಬಳಿಕ ಬೇರೊಂದು ತಟ್ಟೆಯನ್ನು ಹಾಕಿ ನೋಡಬೇಕು.

2. ಯಂತ್ರವನ್ನು ಚಾಲೂ ಮಾಡಿದೊಡನೆ ಬರುವ ಬಯಾಸ್ ಪರದೆಯಲ್ಲಿ ಡ್ರೈವಿನ ಹೆಸರಿದೆಯೇ ಎಂದು ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ತಂತಿ, ವಿದ್ಯುತ್ ಸಂಪರ್ಕ ಅಥವಾ ಡ್ರೈವು ಕೆಟ್ಟಿದೆ ಎಂದರ್ಥ. ರಿಜಿಸ್ಟ್ರಿಯನ್ನು ಎಷ್ಟು ತಿದ್ದಿದರೂ ಅದು ಸರಿಹೋಗದು. ಅಲ್ಲಿ ಹೆಸರಿದ್ದು ವಿಂಡೋಸಿನಲ್ಲಿ ಮಾತ್ರ ಇಲ್ಲದಿದ್ದರೆ ದೋಷವು ದಾಖಲೆಯಲ್ಲಿರುವ ಸಂಭವ ಹೆಚ್ಚು.

3. ‘ಡಿವೈಸ್ ಮ್ಯಾನೇಜರ್’ ತೆರೆದು ಡ್ರೈವಿನ ಹೆಸರಿನ ಬಳಿ ಹಳದಿ ತ್ರಿಕೋನದ ಎಚ್ಚರಿಕೆಯ ಗುರುತಿದೆಯೇ ಎಂದು ನೋಡಬೇಕು. ಗುಣಲಕ್ಷಣಗಳ ಪುಟದಲ್ಲಿ ಒಂದು ಸಂಖ್ಯೆಯಿರುತ್ತದೆ. 19 ಎಂದಿದ್ದರೆ ರಿಜಿಸ್ಟ್ರಿಯಲ್ಲಿನ ವಿವರ ಅಪೂರ್ಣ ಅಥವಾ ಕೆಟ್ಟಿದೆ. 31 ಎಂದಿದ್ದರೆ ಬೇಕಾದ ಚಾಲಕಗಳನ್ನು ಎಬ್ಬಿಸಲಾಗುತ್ತಿಲ್ಲ. 32 ಎಂದಿದ್ದರೆ ಚಾಲಕವನ್ನು ಎಬ್ಬಿಸಕೂಡದೆಂದು ಬರೆದಿದೆ. 39 ಎಂದಿದ್ದರೆ ಚಾಲಕವು ಕೆಟ್ಟಿದೆ ಅಥವಾ ಕಾಣೆಯಾಗಿದೆ. 41 ಎಂದಿದ್ದರೆ ಚಾಲಕ ಎದ್ದಿದೆ, ಸಾಧನ ಸಿಗುತ್ತಿಲ್ಲ. ಇಲ್ಲಿಯೇ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ. ಎಷ್ಟೋ ಸಲ ಇಷ್ಟರಿಂದಲೇ ಕೆಲಸ ಮುಗಿಯುವುದುಂಟು.

4. ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ಡ್ರೈವಿಗೆ ಅಕ್ಷರವಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬಳಕೆಯಲ್ಲಿಲ್ಲದ ಒಂದು ಅಕ್ಷರವನ್ನು ಕೊಡಬೇಕು.

5. ಎಲ್ಲವೂ ಸರಿಯಿದ್ದೂ ಚಿಹ್ನೆ ಕಾಣದಿದ್ದರೆ ಯಾರಾದರೂ ಬೇಕೆಂದೇ ಮರೆಮಾಡಿರಬಹುದು. ವಿದ್ಯಾರ್ಥಿಗಳು ಕೆಲವು ಡ್ರೈವುಗಳನ್ನು ಮುಟ್ಟಬಾರದೆಂದು ಗಣಕ ಕೊಠಡಿಗಳಲ್ಲಿ ಹೀಗೆ ಮಾಡುವುದುಂಟು. ರಿಜಿಸ್ಟ್ರಿಯ ‘ಪಾಲಿಸೀಸ್’ ವಿಭಾಗದ ‘ಎಕ್ಸ್‌ಪ್ಲೋರರ್’ ಎಂಬ ಕೀಯಲ್ಲಿ ‘ನೋಡ್ರೈವ್ಸ್’ ಎಂಬ ನಮೂದಿದ್ದರೆ ಅದೇ ಕಾರಣ. ಇಲ್ಲಿ ಗಣಿತದ ವಿದ್ಯಾರ್ಥಿಗಳಿಗೆ ಒಂದು ಸೊಗಸಿದೆ. ಎ ಅಕ್ಷರಕ್ಕೆ 1, ಬಿ ಅಕ್ಷರಕ್ಕೆ 2, ಸಿ ಅಕ್ಷರಕ್ಕೆ 4, ಡಿ ಅಕ್ಷರಕ್ಕೆ 8, ಇ ಅಕ್ಷರಕ್ಕೆ 16, ಹೀಗೆ ಇಮ್ಮಡಿಯಾಗುತ್ತ ಬೆಲೆಗಳಿವೆ. ಮರೆಮಾಡಬೇಕಾದ ಅಕ್ಷರಗಳ ಬೆಲೆಗಳನ್ನು ಕೂಡಿಸಿ ಬರೆಯಲಾಗುತ್ತದೆ. ನಮೂದಿನ ಬೆಲೆ 24 ಇದ್ದರೆ ಡಿ ಮತ್ತು ಇ ಎರಡೂ ಮರೆಯಾಗಿವೆ. ಇ ಡ್ರೈವು ಮಾತ್ರ ಕಾಣಬೇಕಾದರೆ 24ರಿಂದ 16ನ್ನು ಕಳೆದು 8 ಎಂದು ಬರೆಯಬೇಕು. 26 ಅಕ್ಷರಗಳ ಒಟ್ಟು ಬೆಲೆ 6,71,08,863. ರಿಜಿಸ್ಟ್ರಿಯು ಸಂಖ್ಯೆಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. ಅಲ್ಲಿ 24 ಎಂಬುದು 18 ಎಂದು ಕಾಣುತ್ತದೆ. ಆದ್ದರಿಂದ ‘ಡೆಸಿಮಲ್’ ಎಂಬುದನ್ನು ಆರಿಸಿಕೊಂಡು ಓದಬೇಕು.

ತಿದ್ದುವ ಕ್ರಮ

ಮೇಲಿನ ಪರೀಕ್ಷೆಗಳಿಂದ ದೋಷವು ಫಿಲ್ಟರುಗಳದ್ದೆಂದು ತೋರಿದರೆ ರಿಜಿಸ್ಟ್ರಿಯನ್ನು ತೆರೆಯಬೇಕು. ಯಂತ್ರದ ಆಡಳಿತಾಧಿಕಾರ ಉಳ್ಳವರು ‘ರನ್’ ಪೆಟ್ಟಿಗೆಯಲ್ಲಿ ‘ರೆಜ್‌ಎಡಿಟ್’ ಎಂಬ ಆಜ್ಞೆಯನ್ನು ಕೊಟ್ಟರೆ ಅದು ತೆರೆಯುತ್ತದೆ. ‘ಎಚ್‌ಕೀ ಲೋಕಲ್ ಮಷಿನ್’, ‘ಸಿಸ್ಟಮ್’, ‘ಕರೆಂಟ್‌ಕಂಟ್ರೋಲ್‌ಸೆಟ್’, ‘ಕಂಟ್ರೋಲ್’, ‘ಕ್ಲಾಸ್’ ಎಂಬ ಕೀಗಳನ್ನು ಒಂದಾದ ಮೇಲೊಂದರಂತೆ ತೆರೆದು, 4ಡಿ36ಇ965-ಇ325-11ಸಿಇ-ಬಿಎಫ್‌ಸಿ1-08002ಬಿಇ10318 ಎಂಬ ಕೀಯನ್ನು ತಲುಪಬೇಕು. ಇದು ಸಿ.ಡಿ. ಮತ್ತು ಡಿ.ವಿ.ಡಿ. ಡ್ರೈವುಗಳ ವರ್ಗದ ಸಂಖ್ಯೆ; ಎಲ್ಲ ವಿಂಡೋಸ್ ಯಂತ್ರಗಳಲ್ಲಿಯೂ ಒಂದೇ.

ಇನ್ನು ಮುಂದಿನ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದುದು. ಏನನ್ನೂ ತಿದ್ದುವ ಮೊದಲು ಆ ಕೀಯ ಪ್ರತಿಯೊಂದನ್ನು ತೆಗೆದಿರಿಸಬೇಕು. ‘ಫೈಲ್’ ಪಟ್ಟಿಯಲ್ಲಿ ‘ಎಕ್ಸ್‌ಪೋರ್ಟ್’ ಎಂಬುದನ್ನು ಆರಿಸಿ, ದಿನಾಂಕ ಸಹಿತ ಹೆಸರು ಕೊಟ್ಟು ಉಳಿಸಬೇಕು. ತಿದ್ದುಪಡಿಯಿಂದ ಕೆಡುಕಾದರೆ ಆ ಕಡತದ ಮೇಲೆ ಎರಡು ಸಲ ಒತ್ತಿದರೆ ಅಳಿಸಿದ ನಮೂದುಗಳು ಮರಳಿ ಬರುತ್ತವೆ. ಯಂತ್ರವೇ ಚಾಲೂ ಆಗದಂತಾದರೆ ಆಗ ನೆರವಿಗೆ ಬರಲೆಂದು ‘ಸಿಸ್ಟಮ್ ರಿಸ್ಟೋರ್’ ಬಿಂದುವೊಂದನ್ನೂ ಮಾಡಿಕೊಳ್ಳಬೇಕು.

ಬಳಿಕ ಬಲಬದಿಯಲ್ಲಿರುವ ‘ಅಪ್ಪರ್‌ಫಿಲ್ಟರ್ಸ್’ ಮತ್ತು ‘ಲೋಅರ್‌ಫಿಲ್ಟರ್ಸ್’ ನಮೂದುಗಳನ್ನು ತೆರೆದು ಅವುಗಳೊಳಗಿನ ಹೆಸರುಗಳನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ತೆಗೆದುಹಾಕಿದ ತಂತ್ರಾಂಶದ ಹೆಸರು ಯಾವುದೆಂದು ಸ್ಪಷ್ಟವಾಗಿದ್ದರೆ ಅದೊಂದನ್ನೇ ಅಳಿಸಬಹುದು. ತಿಳಿಯದಿದ್ದರೆ ಈ ವರ್ಗದಲ್ಲಿ ಮಾತ್ರ ಎರಡೂ ನಮೂದುಗಳನ್ನು ಅಳಿಸಿದರೂ ಡ್ರೈವಿಗೆ ಅಪಾಯವಿಲ್ಲ. ಫಿಲ್ಟರನ್ನು ನಂಬಿದ್ದ ತಂತ್ರಾಂಶವು ಕೆಲಸ ನಿಲ್ಲಿಸಿದರೆ ಅದನ್ನು ಮತ್ತೆ ಸ್ಥಾಪಿಸಿದರಾಯಿತು. ‘ಬ್ಯಾಕ್’ ಎಂಬ ಬಾಲವುಳ್ಳ ನಮೂದುಗಳಿದ್ದರೆ ಅವು ಹಳೆಯ ಪ್ರತಿಗಳು, ಅವುಗಳನ್ನು ಮುಟ್ಟಬೇಕಿಲ್ಲ. ಅನಂತರ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು.

ದೋಷಸಂಖ್ಯೆ 32 ಆಗಿದ್ದರೆ ‘ಸರ್ವಿಸಸ್’ ವಿಭಾಗದ ‘ಸಿಡಿರಾಮ್’ ಕೀಯಲ್ಲಿರುವ ‘ಸ್ಟಾರ್ಟ್’ ಎಂಬ ನಮೂದನ್ನು ನೋಡಬೇಕು. ಅಲ್ಲಿ 4 ಎಂದಿದ್ದರೆ ಚಾಲಕಕ್ಕೆ ತಡೆಯಿದೆ ಎಂದರ್ಥ. ಅದನ್ನು ಸಹಜ ಸ್ಥಿತಿಯಾದ 1ಕ್ಕೆ ಬದಲಿಸಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಸುಳಿವೇ ಇಲ್ಲದ ವಿಂಡೋಸ್ 7, 8.1 ಮತ್ತು 10ರ ಯಂತ್ರಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಇನ್ನೊಂದು ಪರಿಹಾರವನ್ನು ಸೂಚಿಸಿತ್ತು: ಅದೇ ‘ಸರ್ವಿಸಸ್’ ವಿಭಾಗದ ‘ಅಟಾಪಿ’ ಕೀಯೊಳಗೆ ‘ಕಂಟ್ರೋಲರ್0’ ಎಂಬ ಕೀಯನ್ನು ಸೃಷ್ಟಿಸಿ, ‘ಎನ್ಯೂಮ್‌ಡಿವೈಸ್1’ ಎಂಬ ನಮೂದಿಗೆ 1 ಎಂಬ ಬೆಲೆ ಕೊಡುವುದು.

ಒಂದು ಅಂಕೆಯ ಎಚ್ಚರ

ಸಿ.ಡಿ. ಡ್ರೈವಿನ ವರ್ಗಸಂಖ್ಯೆಯ ಮೊದಲ ಭಾಗವು 965 ಎಂದು ಮುಗಿಯುತ್ತದೆ. ಅದರ ಸಮೀಪದಲ್ಲಿಯೇ 967 ಎಂದು ಮುಗಿಯುವ ಇನ್ನೊಂದು ಕೀಯಿದೆ. ಉಳಿದ ಅಂಕಿಗಳೆಲ್ಲ ಒಂದೇ. ಆದರೆ ಅದು ಹಾರ್ಡ್ ಡಿಸ್ಕಿನ ವರ್ಗ. ಅಲ್ಲಿಯ ಅಪ್ಪರ್‌ಫಿಲ್ಟರ್ಸ್ ನಮೂದಿನಲ್ಲಿ ವಿಂಡೋಸ್ ವ್ಯವಸ್ಥೆಗೇ ಬೇಕಾದ ಹೆಸರಿರುತ್ತದೆ. ಅದನ್ನು ಅಳಿಸಿದರೆ ಯಂತ್ರವು ಮತ್ತೆ ಏಳದೆ ಹೋಗಬಹುದು. 96ಬಿ ಎಂದು ಮುಗಿಯುವುದು ಕೀಬೋರ್ಡಿನ ವರ್ಗ. ಅಲ್ಲಿ ಅಳಿಸಿದರೆ ಕೀಬೋರ್ಡು ಮೂಕವಾಗುತ್ತದೆ. ಒಂದೇ ಹೆಸರಿನ ನಮೂದು ಒಂದು ಕಡೆ ಕಸ, ಇನ್ನೊಂದು ಕಡೆ ಜೀವ. ಆದ್ದರಿಂದ ಅಳಿಸುವ ಮೊದಲು ಒಬ್ಬರು ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆದಿಟ್ಟುದರೊಂದಿಗೆ ತಾಳೆ ನೋಡಬೇಕು. ರಿಜಿಸ್ಟ್ರಿಯನ್ನು ತಾನೇ ಶುದ್ಧಮಾಡುವುದಾಗಿ ಹೇಳಿಕೊಳ್ಳುವ ತಂತ್ರಾಂಶಗಳಿಗೆ ಈ ವಿವೇಚನೆಯನ್ನು ಒಪ್ಪಿಸುವುದು ಜಾಣತನವಲ್ಲ.

ಡ್ರೈವು ಮರಳಿ ಬಂದ ಮೇಲೆ

ಡ್ರೈವಿನ ಚಿಹ್ನೆಯು ಪರದೆಯ ಮೇಲೆ ಕಂಡೊಡನೆ ಕೆಲಸ ಮುಗಿಯಿತೆಂದು ಎದ್ದು ಹೋಗಬಾರದು. ನಿಜವಾದ ಕೆಲಸ ಆರಂಭವಾಗುವುದು ಆಗಲೇ. ಬಳಕೆದಾರರು ತಾವೇ ಬರೆದುಕೊಂಡ ಸಿ.ಡಿ.ಗಳಲ್ಲಿ ಗುರುತುಗಳಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಕಾವು, ತೇವಗಳಿಂದ ಆ ಬಣ್ಣವು ಮಾಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಸೀಮೆಯಲ್ಲಿ ಕಿಟಕಿಯ ಬಳಿಯ ಕಪಾಟು ಅವುಗಳಿಗೆ ತಕ್ಕ ಸ್ಥಳವಲ್ಲ. ಇತ್ತ ಹಳೆಯ ಯಂತ್ರಗಳ ಕಾಲವೂ ಮುಗಿಯುತ್ತಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಆದ್ದರಿಂದ ಡ್ರೈವು ಓದುತ್ತಿರುವಾಗಲೇ ತಟ್ಟೆಗಳಲ್ಲಿರುವುದನ್ನೆಲ್ಲ ಎರಡು ಬೇರೆ ಬೇರೆ ಕಡೆ ನಕಲು ಮಾಡಿ ಇಡಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕನ್ನಡ ಕಡತಗಳಿದ್ದರೆ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಇಲ್ಲದಿದ್ದರೆ ಕಡತ ಉಳಿದರೂ ಕನ್ನಡ ಓದಲು ಬಾರದು.

ಈ ಜಿಲ್ಲೆಗೆ ನಕಲಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು (1880–1964) ಮಠ-ಮನೆಗಳ ಮೂಲೆಗಳಲ್ಲಿ ಧೂಳು ಹಿಡಿದಿದ್ದ ತಾಡೋಲೆಗಳನ್ನು ಹುಡುಕಿ, ಓದಿ, ಪ್ರತಿಮಾಡಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ವಿಜಯಪುರದಲ್ಲಿ ಆರಂಭಿಸಿದರು. ಹುಳು ತಿಂದ ಓಲೆಯನ್ನು ಕಂಡು ಅವರು ‘ಇದು ಹಾಳಾಯಿತು’ ಎಂದು ಬದಿಗಿಟ್ಟಿದ್ದರೆ ಅದರಲ್ಲಿದ್ದ ವಚನಗಳು ಅಲ್ಲಿಯೇ ಮುಗಿಯುತ್ತಿದ್ದವು.

ಇಂದು ಕಪಾಟಿನಲ್ಲಿರುವ ತಟ್ಟೆಯೂ ಒಂದು ಓಲೆಯೇ. ಅದರಲ್ಲಿ ಊರಿನ ಹಿರಿಯರೊಬ್ಬರ ವಚನಗಾಯನವಿರಬಹುದು, 2023ರ ಜನವರಿ 2ರಂದು ಲಿಂಗೈಕ್ಯರಾದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನವಿರಬಹುದು, ಈಗ ತಾಯಿ-ತಂದೆಯರಾಗಿರುವ ವಿದ್ಯಾರ್ಥಿಗಳ ಬಾಲ್ಯದ ನಾಟಕವಿರಬಹುದು. ಯಂತ್ರ ಕೆಟ್ಟಿತೆಂದು ಬದಿಗೆ ಸರಿಸುವ ಮುನ್ನ ಪಟ್ಟಿಯಲ್ಲಿ ಉಳಿದ ಒಂದು ಹೆಸರನ್ನು ಹುಡುಕುವ ತಾಳ್ಮೆ, ತಿದ್ದುವ ಮುನ್ನ ಪ್ರತಿಯೊಂದನ್ನು ತೆಗೆದಿಡುವ ಎಚ್ಚರ, ದೊರೆತುದನ್ನು ಮುಂದಿನವರಿಗೆ ದಾಟಿಸುವ ಕಾಳಜಿ, ಈ ಮೂರೂ ಕೂಡಿದಾಗ ದುರಸ್ತಿಯೂ ಕಾಯಕವೇ ಆಗುತ್ತದೆ. ವಿದ್ಯಾರ್ಥಿಗಳು ತಮ್ಮ ಶಾಲೆಯ ಕಪಾಟಿನಿಂದಲೇ ಅದನ್ನು ಆರಂಭಿಸಬಹುದು.